ಒದ್ದೆ ಕೈಗೆ ಸ್ವಿಚ್ ಎಟುಕಬಾರದು

ಓದುಗರ ಪ್ರಶ್ನೆ, ಮೇಷ್ಟ್ರ ಉತ್ತರ

ಕೊಡಗಿನಲ್ಲಿ ಮಳೆ ಹಿಡಿಯಿತು ಅಂದರೆ ನನಗೆ ಬರುವ ಪತ್ರಗಳೂ ಬದಲಾಗುತ್ತವೆ. ಬೇಸಿಗೆಯಲ್ಲಿ ಮೋಟಾರು, ಸ್ಪ್ರಿಂಕ್ಲರ್, ವೋಲ್ಟೇಜ್. ಮಳೆಗಾಲದಲ್ಲಿ ಗೀಸರ್, ಬಚ್ಚಲು, ಶಾಕ್. ಈ ಸಲ ಬಚ್ಚಲು ಮನೆಯ ಪತ್ರಗಳೇ ಜಾಸ್ತಿ ಇದ್ದವು. ಹಾಗಾಗಿ ಉಳಿದವನ್ನು ಮುಂದಿನ ಸಂಚಿಕೆಗೆ ಇಟ್ಟು ಇವನ್ನಷ್ಟೇ ಎತ್ತಿಕೊಂಡಿದ್ದೇನೆ. ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಹುಡುಗರಿಗೆ ಹೇಳಿಕೊಡುತ್ತಿದ್ದ ಹಾಗೆಯೇ ಇಲ್ಲೂ ಹೇಳುತ್ತೇನೆ. ಅಳತೆ ಇದ್ದಲ್ಲಿ ಅಳತೆ ಕೊಡುತ್ತೇನೆ. ಅಪಾಯ ಇದ್ದಲ್ಲಿ ಅಪಾಯ ಎಂದೇ ಬರೆಯುತ್ತೇನೆ.

ಪ್ರಶ್ನೆ: ಮೇಷ್ಟ್ರೇ, ನಮ್ಮ ಹೊಸ ಮನೆಯ ಕೆಲಸ ಮುಗಿಯುತ್ತಾ ಬಂದಿದೆ. ಬಚ್ಚಲಲ್ಲಿ ಶವರ್‌ನಿಂದ ಎರಡು ಅಡಿ ದೂರದಲ್ಲೇ ಗೀಸರ್ ಸ್ವಿಚ್, ಜೊತೆಗೆ ಒಂದು ಸಾಕೆಟ್ ಇಟ್ಟಿದ್ದಾರೆ. ಮೇಲೆ ಪ್ಲಾಸ್ಟಿಕ್ ಮುಚ್ಚಳ ಹಾಕಿದರೆ ಸಾಕು ಅಂತ ವೈರಿಂಗ್‌ನವರು ಹೇಳುತ್ತಾರೆ. ಟೈಲ್ಸ್ ಹಾಕಿ ಆಗಿದೆ. ಬದಲಾಯಿಸಲೇಬೇಕಾ? — ಗೃಹಿಣಿ, ವಿರಾಜಪೇಟೆ

ಉತ್ತರ: ಬದಲಾಯಿಸಲೇಬೇಕು ಅಮ್ಮ. ಗೃಹಪ್ರವೇಶಕ್ಕೆ ಮುಂಚೆಯೇ ಮಾಡಿಸಿ.

ಬಚ್ಚಲಲ್ಲಿ ಕರೆಂಟಿನ ಸಾಮಾನು ಎಲ್ಲಿ ಇರಬಹುದು, ಎಲ್ಲಿ ಇರಬಾರದು ಎನ್ನುವುದಕ್ಕೆ ಲೆಕ್ಕ ಇದೆ. ಐಇಸಿ 60364 ಎನ್ನುವ ಅಂತರರಾಷ್ಟ್ರೀಯ ನಿಯಮ ಬಚ್ಚಲನ್ನು ವಲಯಗಳಾಗಿ ಭಾಗ ಮಾಡುತ್ತದೆ. ನಮ್ಮ ದೇಶದ ವೈರಿಂಗ್ ನಿಯಮವಾದ ಐಎಸ್ 732, 2023ರಲ್ಲಿ ಹೊಸದಾಗಿ ಬಂದ ರಾಷ್ಟ್ರೀಯ ವಿದ್ಯುತ್ ಸಂಹಿತೆ, ಇವೂ ಅದೇ ದಾರಿಯಲ್ಲಿ ನಡೆಯುತ್ತವೆ. ಸ್ನಾನದ ತೊಟ್ಟಿಯ ಒಳಗಿನ ಜಾಗ ಸೊನ್ನೆ ವಲಯ. ಅದರ ಮೇಲಿನದು ಒಂದನೇ ವಲಯ. ಅದರಾಚೆಯ 60 ಸೆಂಟಿಮೀಟರ್ ಎರಡನೇ ವಲಯ. ಆದರೆ ನಮ್ಮ ಮನೆಗಳಲ್ಲಿ ತೊಟ್ಟಿ ಎಲ್ಲಿದೆ? ಶವರ್ ನೀರು ನೇರ ನೆಲಕ್ಕೇ ಬೀಳುತ್ತದೆ. ಅಂಥ ಕಡೆ ಒಂದನೇ ವಲಯವನ್ನೇ ದೊಡ್ಡದು ಮಾಡಿದ್ದಾರೆ. ಶವರ್ ಇರುವ ಜಾಗದಿಂದ ಸುತ್ತಲೂ 1.2 ಮೀಟರ್, ಅಂದರೆ ಹತ್ತಿರ ಹತ್ತಿರ ನಾಲ್ಕು ಅಡಿ. ಎತ್ತರ ನೆಲದಿಂದ 2.25 ಮೀಟರ್, ಸುಮಾರು ಏಳೂವರೆ ಅಡಿ. ಶವರ್ ಅದಕ್ಕಿಂತ ಮೇಲಿದ್ದರೆ ಅದರ ಎತ್ತರದವರೆಗೂ ಲೆಕ್ಕ ಹಿಡಿಯಬೇಕು. ಇಷ್ಟರೊಳಗೆ ಸಾಮಾನ್ಯ ಸ್ವಿಚ್ಚೂ ಇರಬಾರದು, ಸಾಕೆಟ್ಟೂ ಇರಬಾರದು. ನಿಮ್ಮ ಬೋರ್ಡು ಎರಡು ಅಡಿಯಲ್ಲಿದೆ. ಕೈ ಶವರ್ ಇದ್ದರೆ ಅದರ ಪೈಪಿನ ಉದ್ದವನ್ನೂ ಸೇರಿಸಿ ಅಳೆಯಿರಿ ಎನ್ನುತ್ತೇನೆ. ಮಕ್ಕಳು ಅದನ್ನು ಎಲ್ಲೆಲ್ಲಿಗೆ ಹಿಡಿಯುತ್ತಾರೆ ಅಂತ ನಿಮಗೇ ಗೊತ್ತು.

ಇಷ್ಟು ಕಟ್ಟುನಿಟ್ಟು ಯಾಕೆ? ಒಣಗಿದ ಚರ್ಮ ಕರೆಂಟಿಗೆ ಸ್ವಲ್ಪವಾದರೂ ತಡೆ ಒಡ್ಡುತ್ತದೆ. ಮೈ ಪೂರ್ತಿ ನೆನೆದಾಗ ಆ ತಡೆ ಸಾವಿರ ಓಮ್‌ಗೆ ಅಥವಾ ಅದಕ್ಕೂ ಕೆಳಗೆ ಇಳಿಯಬಹುದು. 230 ವೋಲ್ಟನ್ನು ಸಾವಿರದಿಂದ ಭಾಗಿಸಿ. 0.23 ಆಂಪಿಯರ್, ಅಂದರೆ 230 ಮಿಲಿಆಂಪಿಯರ್. ಸುಮಾರು 10 ಮಿಲಿಆಂಪಿಯರ್ ಹರಿದರೇ ಹಿಡಿದ ಕೈ ಬಿಡಿಸಿಕೊಳ್ಳಲು ಕಷ್ಟ. 30 ದಾಟಿ ಸ್ವಲ್ಪ ಹೊತ್ತು ನಿಂತರೆ ಹೃದಯದ ಬಡಿತವೇ ತಪ್ಪಬಹುದು. ಇನ್ನೂರ ಮೂವತ್ತು ಎಲ್ಲಿ, ಮೂವತ್ತು ಎಲ್ಲಿ! ಇನ್ನೊಂದು ವಿಷಯ. ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚು, ಎಂಸಿಬಿ, ಇದೆಯಲ್ಲ ಅಂತ ಎಷ್ಟೋ ಜನ ಧೈರ್ಯವಾಗಿರುತ್ತಾರೆ. 16 ಆಂಪಿಯರ್ ಎಂಸಿಬಿಗೆ 0.23 ಆಂಪಿಯರ್ ಲೆಕ್ಕಕ್ಕೇ ಇಲ್ಲ. ಅದು ವೈರನ್ನು ಕಾಪಾಡುತ್ತದೆ, ಮನುಷ್ಯನನ್ನಲ್ಲ.

ಮುಚ್ಚಳದ ವಿಷಯಕ್ಕೆ ಬರುತ್ತೇನೆ. ಮುಚ್ಚಿರುವಷ್ಟು ಹೊತ್ತು ಅದು ಹನಿ ತಡೆಯುತ್ತದೆ, ಒಪ್ಪೋಣ. ಆದರೆ ನೀರು ತಣ್ಣಗಾಯಿತು ಅಂತ ಸ್ನಾನದ ಮಧ್ಯೆ ಸೋಪಿನ ಕೈಯಲ್ಲೇ ಅದನ್ನು ಎತ್ತುವುದಿಲ್ಲವಾ? ಬಿಸಿ ನೀರಿನ ಹಬೆಗಂತೂ ಮುಚ್ಚಳದ ಹಂಗೇ ಇಲ್ಲ. ಕಕ್ಕಡದ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನ ಜೋರು ಮಳೆಯಲ್ಲಿ, ನಮ್ಮ ಕಡೆ ಗೋಡೆ ಒಣಗುವುದೇ ಇಲ್ಲ. ಆ ದಿನಗಳಲ್ಲಿ ಬಚ್ಚಲಿನ ಬೋರ್ಡು ಬಿಚ್ಚಿದರೆ ಸ್ಕ್ರೂ ಮೇಲೆ ನೀರಿನ ಮಣಿ, ಹಿತ್ತಾಳೆಯ ಮೇಲೆ ಹಸಿರು ಕಿಲುಬು, ಮೂಲೆಯಲ್ಲಿ ಇರುವೆ ಗೂಡು. ಇದನ್ನೆಲ್ಲ ನಾನು ಕಣ್ಣಾರೆ ನೋಡಿದ್ದೇನೆ. ಬಯಲುಸೀಮೆಯ ಮನೆಯಲ್ಲಿ ಹೇಗೋ ನಡೆದುಹೋಗುವ ತಪ್ಪು ನಮ್ಮ ಮಳೆಯಲ್ಲಿ ನಡೆಯುವುದಿಲ್ಲ.

ಟೈಲ್ಸ್ ಒಡೆಯದೆ ಮಾಡುವ ದಾರಿ ಇದೆ. ಆ ಬೋರ್ಡು ಇರುವ ಗೋಡೆಯ ಆಚೆ ಬದಿ ಏನಿದೆ ನೋಡಿ. ಮಲಗುವ ಕೋಣೆಯೋ ಪಡಸಾಲೆಯೋ ಇದ್ದರೆ ನಿಮ್ಮ ಅದೃಷ್ಟ. ಅದೇ ಪೈಪಿಗೆ ಆಚೆ ಬದಿಯಿಂದ ಬಾಕ್ಸ್ ಕೂರಿಸಿ ಸ್ವಿಚ್ ಅಲ್ಲಿಗೆ ತರಬಹುದು. ಬಚ್ಚಲಿನ ಕಡೆಯ ಬಾಕ್ಸಿನಲ್ಲಿ ವೈರಿನ ಜಾಯಿಂಟ್ ಉಳಿಸಬಾರದು. ಎಲ್ಲ ಎಳೆದು ತೆಗೆದು, ನೀರು ಇಳಿಯದ ಹಾಗೆ ಖಾಲಿ ಪ್ಲೇಟ್ ಹಾಕಿ ಮುಚ್ಚಬೇಕು. ಗೀಸರಿಗೆ 20 ಆಂಪಿಯರ್ ಡಿಪಿ ಸ್ವಿಚ್ ಹಾಕಿಸಿ, ಕೆಂಪು ದೀಪ ಇರುವಂಥದ್ದು. ಅದು ಕರೆಂಟ್ ತರುವ ಫೇಸ್, ವಾಪಸ್ ಒಯ್ಯುವ ನ್ಯೂಟ್ರಲ್ ಎರಡನ್ನೂ ಕಡಿಯುತ್ತದೆ. ದೀಪ ಉರಿಯುತ್ತಿದ್ದರೆ ಗೀಸರ್ ಆನ್ ಇದೆ ಅಂತ ಹೊರಗಿನಿಂದಲೇ ಗೊತ್ತಾಗುತ್ತದೆ. ಬಚ್ಚಲಿನ ಲೈಟು, ಎಕ್ಸಾಸ್ಟ್ ಫ್ಯಾನಿನ ಸ್ವಿಚ್ಚುಗಳೂ ಬಾಗಿಲ ಹೊರಗೇ ಇರಲಿ. ಒಳಗಿನ ಸಾಕೆಟ್ ತೆಗೆಸಿಬಿಡಿ. ಟ್ರಿಮ್ಮರ್, ಹೇರ್ ಡ್ರೈಯರ್ ಕೋಣೆಯಲ್ಲಿ ಬಳಸಿಕೊಳ್ಳಬಹುದು.

ಗೀಸರ್ ಮಾತ್ರ ಒಳಗೆ ಇರಬಹುದು, ಮೇಲೆ, ಗೋಡೆಗೆ ಭದ್ರವಾಗಿ. ಕೆಲಸದವರನ್ನು ವೈರಿನ ದಪ್ಪ ಕೇಳಿ. 2 ಕಿಲೋವ್ಯಾಟ್ ಗೀಸರ್ 8.7 ಆಂಪಿಯರ್ ಎಳೆಯುತ್ತದೆ, 3 ಕಿಲೋವ್ಯಾಟಿನದು 13. ಮೊದಲನೆಯದಕ್ಕೆ 2.5 ಚದರ ಮಿಲಿಮೀಟರ್ ತಾಮ್ರದ ವೈರ್ ಬೇಕು. ಎರಡನೆಯದಕ್ಕೆ 4 ಇದ್ದರೆ ನೆಮ್ಮದಿ. ಲೈಟಿನ ಪಾಯಿಂಟಿನಿಂದ ಕೊಂಡಿ ಹಾಕಿ ತಂದಿದ್ದರೆ ಒಪ್ಪಬೇಡಿ. ಎಂಸಿಬಿಗಳೆಲ್ಲ ಇರುವ ಪೆಟ್ಟಿಗೆಯಿಂದ, ಅಂದರೆ ಡಿಬಿಯಿಂದ, ಬೇರೆಯೇ ಲೈನ್ ಬರಬೇಕು, ಅದರ ಜೊತೆ ಅರ್ತ್ ವೈರ್ ಬರಬೇಕು, ಕರೆಂಟ್ ಸೋರಿದರೆ ತಾನೇ ಬಿದ್ದು ಲೈನ್ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಇರಬೇಕು. ಕೆಲಸ ಮಾಡುವವರಿಗೆ ಸರ್ಕಾರದ ವೈರಿಂಗ್ ಲೈಸೆನ್ಸ್ ಇದೆಯಾ ಅಂತ ಕೇಳುವುದರಲ್ಲಿ ಸಂಕೋಚ ಬೇಡ.

ಪ್ರಶ್ನೆ: ಸರ್, ನಾನು ಕಾಲೇಜು ವಿದ್ಯಾರ್ಥಿ. ಬಾಡಿಗೆ ಮನೆಯಲ್ಲಿ ಗೀಸರ್ ಹಾಕಿದಾಗ ನಲ್ಲಿ ಮುಟ್ಟಿದರೆ ಜುಮ್ ಅನ್ನುತ್ತದೆ. ಚಪ್ಪಲಿ ಹಾಕಿದ್ದರೆ ಗೊತ್ತಾಗುವುದಿಲ್ಲ. ಹಾಗಾದರೆ ಚಪ್ಪಲಿ ಹಾಕಿಕೊಂಡೇ ಸ್ನಾನ ಮಾಡು ಎನ್ನುತ್ತಾರೆ ಮಾಲೀಕರು. — ಸೋಮವಾರಪೇಟೆ

ಉತ್ತರ: ತಮ್ಮಾ, ಇವತ್ತಿನಿಂದಲೇ ಆ ಗೀಸರ್ ಬಳಸಬೇಡ. ಎಂಸಿಬಿ ಇಳಿಸು. ಪ್ಲಗ್ ಇದ್ದರೆ ಕೈ ಒಣಗಿಸಿಕೊಂಡು, ಚಪ್ಪಲಿ ಹಾಕಿ, ಕಿತ್ತು ಇಡು. ಬರೀ ಸ್ವಿಚ್ ಆಫ್ ಮಾಡಿದರೆ ಸಾಲದು. ಸ್ವಿಚ್ ತಪ್ಪಾಗಿ ನ್ಯೂಟ್ರಲ್ ವೈರಿನಲ್ಲಿ ಕೂತಿದ್ದರೆ ಆಫ್ ಮಾಡಿದ ಮೇಲೂ ಗೀಸರಿನೊಳಗೆ ಫೇಸ್ ಇದ್ದೇ ಇರುತ್ತದೆ.

ಜುಮ್ ಅನ್ನುವುದು ಅಂದರೆ ಕರೆಂಟ್ ನಿನ್ನ ಮೈ ಮೂಲಕ ನೆಲಕ್ಕೆ ಹೋಗುತ್ತಿದೆ ಅಂತ ಅರ್ಥ. ಅಲ್ಲಿ ಎರಡು ತಪ್ಪು ಒಟ್ಟಿಗೆ ಇವೆ. ಗೀಸರಿನ ಎಲಿಮೆಂಟ್ ಸೀಳಿ ನೀರಿಗೆ ಕರೆಂಟ್ ಇಳಿಯುತ್ತಿದೆ. ಅದನ್ನು ಒಯ್ಯಬೇಕಾದ ಅರ್ತ್ ಕೂಡ ಕಡಿದಿದೆ. ಅರ್ತ್ ಸರಿ ಇದ್ದಿದ್ದರೆ ನಿನ್ನವರೆಗೆ ಬರುತ್ತಿರಲಿಲ್ಲ. ಇವತ್ತು ಜುಮ್ ಅಂದದ್ದು ಸೀಳು ಸ್ವಲ್ಪ ದೊಡ್ಡದಾದ ದಿನ ಎಷ್ಟಾಗುತ್ತದೆ ಎಂದು ಹೇಳಲು ಬರುವುದಿಲ್ಲ. ಒದ್ದೆ ಚಪ್ಪಲಿಯನ್ನು ನಂಬಿ ಯಾರೂ ಸ್ನಾನಕ್ಕೆ ಇಳಿಯಬಾರದು. ಟೆಸ್ಟರ್ ಹಿಡಿದು ದೀಪ ಹತ್ತಲಿಲ್ಲ, ಸರಿಯಾಗಿದೆ ಅಂದರೂ ನಂಬಬೇಡ. ಇನ್ಸುಲೇಷನ್ ಅಳೆಯುವ ಮೀಟರ್, ಅಂದರೆ ಮೆಗ್ಗರ್ ಇಟ್ಟು ಎಲಿಮೆಂಟ್ ಪರೀಕ್ಷೆ ಆಗಬೇಕು, ಅರ್ತ್ ಕೊನೆಯವರೆಗೆ ಇದೆಯಾ ಎಂದು ನೋಡಬೇಕು.

ಈ ಪುಟವನ್ನು ಮಾಲೀಕರಿಗೆ ತೋರಿಸು. ಅವರು ಮಾಡಿಸುವವರೆಗೆ ಗ್ಯಾಸ್ ಒಲೆಯಲ್ಲಿ ನೀರು ಕಾಯಿಸಿಕೊ. ಜೊತೆಯಲ್ಲಿ ಇರುವ ಹುಡುಗರಿಗೂ ಒಂದು ಮಾತು ಹೇಳಿಡು. ಬಚ್ಚಲಲ್ಲಿ ಯಾರಾದರೂ ಶಾಕ್ ಹೊಡೆದು ಬಿದ್ದರೆ ಅವರನ್ನು ಮುಟ್ಟುವುದಕ್ಕೆ ಮುಂಚೆ ಮೇನ್ ಇಳಿಸಬೇಕು. ಆಮೇಲೆ 108 ಅಥವಾ 112. ಉಸಿರಿಲ್ಲದಿದ್ದರೆ ಆಂಬುಲೆನ್ಸ್ ಬರುವವರೆಗೆ ಎದೆ ಒತ್ತುತ್ತಲೇ ಇರಬೇಕು.

ಪ್ರಶ್ನೆ: ಮಳೆ ಶುರುವಾದಾಗಿನಿಂದ ರಾತ್ರಿ ಹೊತ್ತು ಆರ್‌ಸಿಸಿಬಿ ಬಿದ್ದು ಮನೆಯೆಲ್ಲ ಕತ್ತಲೆ. ಅದನ್ನು ಬೈಪಾಸ್ ಮಾಡೋಣ, ಇಲ್ಲವೇ 100 ಮಿಲಿಆಂಪಿಯರ್‌ದು ಹಾಕೋಣ ಎನ್ನುತ್ತಾರೆ ಎಲೆಕ್ಟ್ರಿಷಿಯನ್. ಯಾವುದು ಒಳ್ಳೆಯದು? — ಕಾಫಿ ಬೆಳೆಗಾರರು, ಸಿದ್ದಾಪುರ

ಉತ್ತರ: ಎರಡೂ ಬೇಡ. ನಿಮ್ಮ ಮನೆಯಲ್ಲಿ ಸರಿಯಾಗಿ ಕೆಲಸ ಮಾಡುತ್ತಿರುವ ಸಾಮಾನು ಅದೊಂದೇ ಇರಬಹುದು. ಅದನ್ನೇ ಕಿತ್ತು ಹಾಕುವುದಾ?

ಆರ್‌ಸಿಸಿಬಿ ಒಂದೇ ಒಂದು ಲೆಕ್ಕ ನೋಡುತ್ತದೆ. ಫೇಸಿನಲ್ಲಿ ಹೋದ ಕರೆಂಟ್ ಪೂರ್ತಿ ನ್ಯೂಟ್ರಲ್ಲಿನಲ್ಲಿ ವಾಪಸ್ ಬಂತಾ? ಕಡಿಮೆ ಬಂದರೆ ಉಳಿದದ್ದು ಎಲ್ಲೋ ಸೋರಿದೆ. ಒದ್ದೆ ಗೋಡೆಗೋ, ಅರ್ತಿಗೋ, ಯಾರದೋ ಮೈಗೋ. 30 ಮಿಲಿಆಂಪಿಯರ್ ಎಂದು ಬರೆದದ್ದು 15ರಿಂದ 30ರ ನಡುವೆ ಎಲ್ಲಿ ಬೇಕಾದರೂ ಬೀಳಬಹುದು. ಸೋರಿಕೆ 30 ಮುಟ್ಟಿದರೆ ಒಂದು ಸೆಕೆಂಡಿನ ಮೂರನೇ ಒಂದು ಭಾಗದೊಳಗೆ ಬೀಳಲೇಬೇಕು. 100 ಅಥವಾ 300 ಮಿಲಿಆಂಪಿಯರ್‌ದು ಬೆಂಕಿ ಅನಾಹುತ ತಪ್ಪಿಸುವುದಕ್ಕೆ. ಮನುಷ್ಯನ ಜೀವಕ್ಕೆ ಅದರಿಂದ ಭರವಸೆ ಇಲ್ಲ. ಸುಮಾರು ಮನೆಗಳಲ್ಲಿ ಕಿರಿಕಿರಿ ತಪ್ಪಲಿ ಅಂತ ಯಾರೋ ಸುಮ್ನೆ ದೊಡ್ಡದು ಹಾಕಿ ಹೋಗಿರುತ್ತಾರೆ, ಮನೆಯವರಿಗೆ ಗೊತ್ತೇ ಇರುವುದಿಲ್ಲ. ಓದುಗರೆಲ್ಲ ಒಮ್ಮೆ ಎದ್ದು ಹೋಗಿ ನೋಡಿ. ಅದರ ಮುಖದ ಮೇಲೆ 30 ಎಂಎ ಅಥವಾ 0.03 ಎ ಎಂದು ಇರಬೇಕು.

ಮಳೆಯಲ್ಲೇ ಯಾಕೆ ಬೀಳುತ್ತದೆ? ಗೇಟಿನ ದೀಪದಲ್ಲಿ ಸ್ವಲ್ಪ ನೀರು, ಕಣದ ಹತ್ತಿರದ ಸಾಕೆಟ್‌ನಲ್ಲಿ ಸ್ವಲ್ಪ ತೇವ, ಹಳೆಯ ಗೀಸರಿನಲ್ಲಿ ಸ್ವಲ್ಪ ಸೋರಿಕೆ. ಒಂದೊಂದೂ ಚಿಕ್ಕದು. ಎಲ್ಲ ಕೂಡಿದರೆ 15 ದಾಟುತ್ತದೆ. ಹುಡುಕುವುದು ಹೀಗೆ. ಎಲ್ಲ ಎಂಸಿಬಿ ಇಳಿಸಿ ಆರ್‌ಸಿಸಿಬಿ ಏರಿಸಿ. ಆಮೇಲೆ ಒಂದೊಂದೇ ಎಂಸಿಬಿ ಏರಿಸುತ್ತಾ ಬನ್ನಿ. ಯಾವುದಕ್ಕೆ ಬಿತ್ತೋ ಆ ಲೈನಿನಲ್ಲಿ ದೋಷ. ಎಂಸಿಬಿ ಎಲ್ಲ ಇಳಿಸಿದರೂ ಬೀಳುತ್ತಿದ್ದರೆ ಅದು ನ್ಯೂಟ್ರಲ್ ಎಲ್ಲೋ ಅರ್ತಿಗೆ ತಾಗಿರುವ ಲಕ್ಷಣ. ಸಾಮಾನ್ಯ ಎಂಸಿಬಿ ಫೇಸನ್ನು ಮಾತ್ರ ಕಡಿಯುತ್ತದೆ, ನ್ಯೂಟ್ರಲ್ ಹಾಗೇ ಇರುತ್ತದೆ. ಆಗ ಗೀಸರ್, ವಾಷಿಂಗ್ ಮಷಿನ್, ಪಂಪು ಎಲ್ಲದರ ಪ್ಲಗ್ ಕಿತ್ತು ನೋಡಬೇಕು. ಇದು ತಾಳ್ಮೆಯ ಕೆಲಸ. ಅರ್ಧ ದಿನ ಹಿಡಿಯಬಹುದು. ಬೈಪಾಸ್ ಮಾಡುವುದಕ್ಕೆ ಐದು ನಿಮಿಷ ಸಾಕು, ಅದಕ್ಕೇ ಅವರು ಅದನ್ನು ಹೇಳುತ್ತಿರುವುದು. ನೀವು ಅರ್ಧ ದಿನದ ಕೂಲಿ ಕೊಟ್ಟು ಕೆಲಸ ಮಾಡಿಸಿ.

ಆಮೇಲೆ ಲೈನುಗಳನ್ನು ಬೇರೆ ಮಾಡಿಸಿ. ಅಂಗಳದ ದೀಪಗಳಿಗೆ ಒಂದು, ಬಚ್ಚಲಿಗೆ ಒಂದು, ಉಳಿದ ಮನೆಗೆ ಒಂದು, ಎಲ್ಲವೂ 30 ಮಿಲಿಆಂಪಿಯರ್. ಅಂಗಳದ್ದು ಬಿದ್ದರೆ ಅಂಗಳ ಮಾತ್ರ ಕತ್ತಲೆ. ಎಂಸಿಬಿ, ಆರ್‌ಸಿಸಿಬಿ ಎರಡೂ ಸೇರಿದ ಆರ್‌ಸಿಬಿಒ ಸಿಗುತ್ತದೆ. ಗೀಸರ್ ಲೈನಿಗೆ ನಾನು ಅದನ್ನೇ ಹೇಳುವುದು. ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ. ಒತ್ತಿದ ಕೂಡಲೇ ಬೀಳದಿದ್ದರೆ ಅದನ್ನು ಬದಲಾಯಿಸಬೇಕು. ಆದರೆ ಆ ಬಟನ್ ನಿಮ್ಮ ಅರ್ತ್ ಸರಿ ಇದೆಯಾ ಇಲ್ಲವಾ ಎಂದು ಹೇಳುವುದಿಲ್ಲ. ಅದಕ್ಕೆ ಬೇರೆ ಪರೀಕ್ಷೆ ಬೇಕು.

ಪ್ರಶ್ನೆ: ನಮ್ಮದು ಹಳೆಯ ಐನ್ ಮನೆ, ಕುಟುಂಬದ ಮೂಲ ಮನೆ. ಮರದ ಪಟ್ಟಿಯ ಮೇಲೆ ಮಾಡಿದ ವೈರಿಂಗ್, ಅರ್ತ್ ಇಲ್ಲ. ಅಜ್ಜಿಗೆ ಹೊರಗಿನ ಬಚ್ಚಲಿಗೆ ಹೋಗಲು ಆಗುವುದಿಲ್ಲ ಅಂತ ಒಳಗೆ ಗೀಸರ್ ಹಾಕಿಸಿದೆವು. ಪ್ಲಗ್ಗಿನೊಳಗೆ ಅರ್ತ್ ಪಿನ್ನನ್ನು ನ್ಯೂಟ್ರಲ್ಲಿಗೆ ಸೇರಿಸಿದ್ದೇನೆ, ಶಾಕ್ ಬರಲ್ಲ ಎಂದಿದ್ದಾರೆ ಮೆಕ್ಯಾನಿಕ್. ಸರಿಯೇ? — ನಾಪೋಕ್ಲು ಕಡೆಯವರು

ಉತ್ತರ: ಖಂಡಿತ ಸರಿಯಲ್ಲ. ಈ ಸಂಚಿಕೆಯ ಪತ್ರಗಳಲ್ಲಿ ನನ್ನನ್ನು ಹೆಚ್ಚು ಹೆದರಿಸಿದ್ದು ಇದು. ದಯವಿಟ್ಟು ಆ ಪ್ಲಗ್ಗನ್ನು ಈಗಲೇ ತೆಗೆಸಿ.

ಮಳೆಗಾಲದಲ್ಲಿ ನಮ್ಮಲ್ಲಿ ಮರ ಬಿದ್ದು ಲೈನ್ ಕಡಿಯುವುದು ಹೊಸದೇನಲ್ಲ. ಕಂಬದಿಂದ ಮನೆಗೆ ಬರುವ ನ್ಯೂಟ್ರಲ್ ಮಾತ್ರ ಕಡಿದು ಫೇಸ್ ಉಳಿದಿದೆ ಎಂದುಕೊಳ್ಳಿ. ಫೇಸಿನಿಂದ ಹೊರಟ ಕರೆಂಟ್ ಗೀಸರಿನ ಎಲಿಮೆಂಟ್ ದಾಟಿ ನ್ಯೂಟ್ರಲ್ ಬದಿಗೆ ಬರುತ್ತದೆ. ಅಲ್ಲಿಂದ ಮುಂದಕ್ಕೆ ದಾರಿ ಇಲ್ಲ. ಅರ್ತ್ ಪಿನ್ ಅದಕ್ಕೇ ಕಟ್ಟಿದ್ದರಿಂದ ಗೀಸರಿನ ಮೈಗೆ, ಅದರ ಪೈಪಿಗೆ, ನಲ್ಲಿಗೆ 230 ವೋಲ್ಟ್ ಬಂದು ನಿಲ್ಲುತ್ತದೆ. ಗೀಸರ್ ಕೆಟ್ಟಿರಬೇಕೆಂದೇನೂ ಇಲ್ಲ, ಹೊಚ್ಚ ಹೊಸದಾದರೂ ಅಷ್ಟೇ. ಪ್ಲಗ್ಗಿನಲ್ಲಿ ಫೇಸ್, ನ್ಯೂಟ್ರಲ್ ಅದಲು ಬದಲಾದರೂ ಇದೇ ಗತಿ. ಅಜ್ಜಿ ನಲ್ಲಿ ಹಿಡಿಯುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ.

ಹಳೆಯ ಮರದ ಪಟ್ಟಿಯ ವೈರಿಂಗನ್ನು ಮುಟ್ಟಬೇಡಿ, ಗೀಸರಿಗೆ ಹೊಸ ಲೈನ್ ಎಳೆಸಿ. ಮೀಟರ್ ಬೋರ್ಡಿನಿಂದ ಪಿವಿಸಿ ಪೈಪಿನೊಳಗೆ ಮೂರು ವೈರ್. ಮೂರನೆಯದು ಹೊಸದಾಗಿ ಮಾಡಿದ ಅರ್ತ್ ಗುಂಡಿಗೆ ಹೋಗಬೇಕು. ನೀರಿನ ಪೈಪಿಗೆ ಕಟ್ಟುವ ಅರ್ತ್ ಅರ್ತೇ ಅಲ್ಲ. ಮಧ್ಯದಲ್ಲಿ ಎಲ್ಲೋ ಪ್ಲಾಸ್ಟಿಕ್ ತುಂಡು ಜೋಡಿಸಿರುತ್ತಾರೆ.

ಗುಂಡಿ ಮಾಡಿದ ಮೇಲೂ ಆರ್‌ಸಿಸಿಬಿ ಬೇಕೇ ಬೇಕು. ಅದಕ್ಕೊಂದು ಲೆಕ್ಕ ಹೇಳುತ್ತೇನೆ. ನಮ್ಮದು ಬೆಟ್ಟದ ನೆಲ. ಒಂದೆರಡು ಅಡಿ ಅಗೆದರೆ ಕಲ್ಲು ಸಿಗುವ ಕಡೆ ಅರ್ತಿನ ತಡೆ ಸುಲಭವಾಗಿ 10 ಓಮ್ ಇರಬಹುದು. ಗೀಸರಿನ ಮೈಗೆ ಫೇಸ್ ತಾಗಿತು ಎನ್ನಿ. 230 ಭಾಗಿಸು 10, ಅಂದರೆ 23 ಆಂಪಿಯರ್. 16 ಆಂಪಿಯರ್ ಎಂಸಿಬಿ ಇಷ್ಟಕ್ಕೆ ಕೂಡಲೇ ಬೀಳುವುದಿಲ್ಲ. ಒಂದು ಗಂಟೆಯವರೆಗೂ ಎಳೆಯಬಹುದು. ಅಷ್ಟು ಹೊತ್ತು ಗೀಸರಿನ ಮೈಯಲ್ಲಿ ಕರೆಂಟ್ ಇರುತ್ತದೆ. ಅದೇ ಅರ್ತಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ ಜೊತೆಗಿದ್ದರೆ ಫೇಸ್ ತಾಗಿದ ಗಳಿಗೆಯಲ್ಲೇ ಬೀಳುತ್ತದೆ, ಯಾರೂ ಮುಟ್ಟುವುದಕ್ಕೆ ಮುಂಚೆ. ಫೆಬ್ರವರಿ, ಮಾರ್ಚಿನಲ್ಲಿ ನೆಲ ಒಣಗಿದಾಗ ಅರ್ತಿನ ತಡೆ ಇನ್ನೂ ಏರುತ್ತದೆ. ಆಗ ಗುಂಡಿಗೆ ನೀರು ಹಾಕುತ್ತಿರಿ.

ಇದೆಲ್ಲ ಆಗುವವರೆಗೆ ಹಂಡೆ ಒಲೆ ಹಚ್ಚಿ ನೀರನ್ನು ಒಳಗೆ ತಂದುಕೊಡಿ. ಅಜ್ಜಿ ಬೇಡ ಅನ್ನಲಿಕ್ಕಿಲ್ಲ.

ಪ್ರಶ್ನೆ: ಹೋಂಸ್ಟೇ ನಡೆಸುತ್ತೇವೆ. ಬಚ್ಚಲುಗಳಿಗೆ ಗಾಜಿನ ಅಡ್ಡಗೋಡೆ ಮಾಡಿಸಿದ್ದೇವೆ. ಎಲ್‌ಇಡಿ ಕನ್ನಡಿ, ಶವರ್ ಮೇಲೆ ಲೈಟು, ಬೇಸಿನ್ ಪಕ್ಕ ಹೇರ್ ಡ್ರೈಯರಿಗೆ ಸಾಕೆಟ್ ಬೇಕು ಅಂತ ಬೆಂಗಳೂರಿನಿಂದ ಬರುವವರು ಕೇಳುತ್ತಾರೆ. ನಲ್ಲಿಗೇ ಸಿಕ್ಕಿಸುವ ಇನ್‌ಸ್ಟಂಟ್ ಹೀಟರ್ ಕೂಡ ನೋಡಿಟ್ಟಿದ್ದೇವೆ. — ಕಕ್ಕಬ್ಬೆ

ಉತ್ತರ: ಮೊದಲು ಗಾಜಿನ ವಿಷಯ. ನೆಲಕ್ಕೂ ಗೋಡೆಗೂ ಭದ್ರವಾಗಿ ಕೂರಿಸಿದ ಗಾಜು ಲೆಕ್ಕಕ್ಕೆ ಬರುತ್ತದೆ. ಪ್ಲಾಸ್ಟಿಕ್ ಪರದೆ, ತೆಗೆದು ಹಾಕುವ ಬಾಗಿಲು ಬರುವುದಿಲ್ಲ. 1.2 ಮೀಟರ್ ಉದ್ದದ ದಾರ ತೆಗೆದುಕೊಳ್ಳಿ. ಒಂದು ತುದಿಯನ್ನು ಶವರ್ ಜಾಗದಲ್ಲಿ ಹಿಡಿದು, ಗಾಜಿನ ಅಂಚು ಸುತ್ತಿ ಆಚೆಗೆ ಎಳೆಯಿರಿ. ದಾರ ಎಲ್ಲಿಯವರೆಗೆ ಮುಟ್ಟುತ್ತದೋ ಅಲ್ಲಿಯವರೆಗೂ ಒದ್ದೆ ಜಾಗವೇ.

ಅದರೊಳಗೆ ಬರುವ ಲೈಟಿಗೆ, ಧೂಳು, ನೀರು ಎಷ್ಟು ತಡೆಯುತ್ತದೆ ಎಂದು ಹೇಳುವ ಐಪಿ ಅಂಕಿ ನೋಡಿ. ಎರಡನೇ ಅಂಕಿ ನೀರಿನದು. 4 ಇದ್ದರೆ ಎಲ್ಲ ಕಡೆಯಿಂದ ಸಿಡಿಯುವ ಹನಿ ತಡೆಯುತ್ತದೆ. 5 ಇದ್ದರೆ ಪೈಪಿನಿಂದ ರಭಸವಾಗಿ ಬಿಟ್ಟ ನೀರು ತಡೆಯುತ್ತದೆ. ಐಪಿ 44 ಕನಿಷ್ಠ. ನಮ್ಮ ಹವೆಗೆ ನಾನು ಐಪಿ 65 ಹಾಕಿ ಎನ್ನುತ್ತೇನೆ. ಕೋಣೆಗೆ ತಂದ ಸಾಮಾನ್ಯ ಸೀಲಿಂಗ್ ಲೈಟನ್ನೇ ಬಚ್ಚಲಿಗೂ ಹಾಕಬೇಡಿ, ಒಂದೇ ಮಳೆಗಾಲಕ್ಕೆ ಒಳಗೆ ಬೂಸ್ಟು ಕಟ್ಟುತ್ತದೆ. ಅಲಂಕಾರದ ಎಲ್‌ಇಡಿ ಪಟ್ಟಿ 12 ವೋಲ್ಟಿನದು ಆಗಿರಲಿ, ಅದಕ್ಕೆ ಕರೆಂಟ್ ಕೊಡುವ ಅಡಾಪ್ಟರ್ ಬಚ್ಚಲ ಹೊರಗೆ ಇರಲಿ. ಪಟ್ಟಿ 12 ವೋಲ್ಟಾದರೂ ಅಡಾಪ್ಟರಿಗೆ ಬರುವುದು 230 ಅಲ್ವಾ. ಕನ್ನಡಿಯನ್ನು ಗಾಜಿನಾಚೆ ಒಣ ಬದಿಗೆ ಹಾಕಿಸಿ, ಸ್ವಿಚ್ ಹೊರಗೆ.

ಬೇಸಿನ್ ಪಕ್ಕದ ಸಾಕೆಟ್ ಬೇಡ. ಕೋಣೆಯಲ್ಲೇ ಒಂದು ಒಳ್ಳೆಯ ಕನ್ನಡಿ ಹಾಕಿ, ಅದರ ಪಕ್ಕ ಪಾಯಿಂಟ್ ಕೊಡಿ. ತಲೆ ಒಣಗಿಸುವವರು ತಾವಾಗಿಯೇ ಅಲ್ಲಿಗೆ ಬರುತ್ತಾರೆ. ಕೇಳಿದ್ದು ಸಿಕ್ಕಿತು ಎನ್ನುವ ಸಮಾಧಾನ ಅವರಿಗೂ ಇರುತ್ತದೆ.

ನಲ್ಲಿಗೆ ಸಿಕ್ಕಿಸುವ ಹೀಟರನ್ನು ದಯವಿಟ್ಟು ಕೈಬಿಡಿ. 3 ಕಿಲೋವ್ಯಾಟ್ ಎಳೆಯುವ ಸಾಮಾನಿನ ಸ್ವಿಚ್ಚನ್ನೇ ಒದ್ದೆ ಕೈಯಲ್ಲಿ ತಿರುಗಿಸುವ ಹಾಗೆ ಮಾಡಿರುತ್ತಾರೆ. ಅದರ ವೈರು ನೀರಿನ ಪಕ್ಕದಲ್ಲೇ ನೇತಾಡುತ್ತದೆ. ನಿಮ್ಮ ಅತಿಥಿಗಳಿಗೆ ಆ ಮನೆ ಹೊಸದು. ಯಾವ ಸ್ವಿಚ್ ಯಾವುದರದ್ದು ಎಂದು ಅವರಿಗೆ ಗೊತ್ತಿಲ್ಲ, ಮಕ್ಕಳೂ ಜೊತೆಗಿರುತ್ತಾರೆ. ಮನೆಯವರಿಗಿಂತ ಅವರಿಗೆ ಜಾಸ್ತಿ ರಕ್ಷಣೆ ಬೇಕು. ಐಎಸ್‌ಐ ಗುರುತು ಇರುವ ಸಾಮಾನ್ಯ ಗೀಸರ್ ಹಾಕಿ. ಒಂದೊಂದು ಕಾಟೇಜಿಗೂ ಬೇರೆ 30 ಮಿಲಿಆಂಪಿಯರ್ ಆರ್‌ಸಿಸಿಬಿ ಕೊಡಿ. ಬಾಗಿಲ ಹೊರಗಿನ ಸ್ವಿಚ್ಚಿನ ಮೇಲೆ 'ಗೀಸರ್' ಎಂದು ದೊಡ್ಡ ಅಕ್ಷರದಲ್ಲಿ ಬರೆಸಿ. ಸ್ನಾನಕ್ಕೆ ಹೋಗುವ ಮುಂಚೆ ಆಫ್ ಮಾಡಿ ಎಂದೂ ಅಲ್ಲೇ ಬರೆದರೆ ಒಳ್ಳೆಯದು.

ಪ್ರಶ್ನೆ: ನಮ್ಮ ತೋಟದ ಲೈನ್ ಮನೆಗಳಲ್ಲಿ ಎಲ್ಲರೂ ಬಕೆಟ್ಟಿಗೆ ಕಾಯಿಲ್ ಇಟ್ಟು ನೀರು ಕಾಯಿಸುತ್ತಾರೆ, ಅದೂ ಬಚ್ಚಲಲ್ಲೇ. ಹೇಳಿದರೆ ಕೇಳುವುದಿಲ್ಲ. ಏನು ಮಾಡಲಿ? — ತೋಟದ ರೈಟರ್, ಸುಂಟಿಕೊಪ್ಪ

ಉತ್ತರ: ನೀವು ಬರೆದದ್ದು ನೋಡಿ ಸಂತೋಷ ಆಯಿತು. ಬೇರೆ ದಾರಿ ಕೊಡದೆ ಬೇಡ ಎಂದರೆ ಯಾರೂ ಕೇಳುವುದಿಲ್ಲ. ಮಳೆಯಲ್ಲಿ ನೆನೆದು ಬಂದವರಿಗೆ ಬಿಸಿ ನೀರು ಬೇಕೇ ಬೇಕು. ಸಾಲಿಗೆ ಒಂದರಂತೆ ದೊಡ್ಡ ಹಂಡೆ, ಒಲೆ, ಮೇಲೊಂದು ತಗಡಿನ ಸೂರು ಮಾಡಿಸಿ ಎಂದು ತೋಟದ ಮಾಲೀಕರಿಗೆ ಹೇಳಿ. ತೋಟದಲ್ಲಿ ಸೌದೆಗೆ ಬರ ಇಲ್ಲ.

ಅದು ಆಗುವವರೆಗೆ ಕೆಲವು ಮಾತು ಮನೆ ಮನೆಗೆ ತಲುಪಲಿ. ಕಾಯಿಲ್ ಬಚ್ಚಲಲ್ಲಿ ಬೇಡ, ಮಕ್ಕಳ ಕೈಗೆ ಸಿಗದ ಒಣ ಮೂಲೆಯಲ್ಲಿ ಇಡಿ. ಕಬ್ಬಿಣದ ಬಕೆಟ್ ಬೇಡ. ಮೊದಲು ಕಾಯಿಲನ್ನು ನೀರಿಗಿಟ್ಟು ಆಮೇಲೆ ಪ್ಲಗ್ ಹಾಕಬೇಕು. ನೀರು ಕಾದಿದೆಯಾ ಅಂತ ಬೆರಳು ಅದ್ದುವುದಕ್ಕೆ ಮುಂಚೆ ಸ್ವಿಚ್ ಆಫ್ ಮಾಡಿ ಪ್ಲಗ್ ಕೀಳಲೇಬೇಕು. ಸ್ವಿಚ್ ಒಂದನ್ನೇ ನಂಬಬಾರದು. 1500 ವ್ಯಾಟಿನ ಕಾಯಿಲ್ 6.5 ಆಂಪಿಯರ್ ಎಳೆಯುತ್ತದೆ. ಲೈಟ್ ಬೋರ್ಡಿನ 6 ಆಂಪಿಯರ್ ಸಾಕೆಟ್ ಅದಕ್ಕೆ ಆಗುವುದಿಲ್ಲ, ಕಾದು ಕರಗುತ್ತದೆ. ಪ್ರತಿ ಮನೆಗೂ ಅರ್ತ್ ಇರುವ 16 ಆಂಪಿಯರ್ ಪಾಯಿಂಟ್, 30 ಮಿಲಿಆಂಪಿಯರ್ ಆರ್‌ಸಿಸಿಬಿ ಹಾಕಿಸಿಕೊಡುವುದು ತೋಟದವರ ಜವಾಬ್ದಾರಿ. ಕೆಲಸದವರ ಮನೆ ಎನ್ನುವ ಕಾರಣಕ್ಕೆ ಇದು ಮುಂದಕ್ಕೆ ಹೋಗಬಾರದು.

ಪ್ರಶ್ನೆ: ಸಿಡಿಲು ಗುಡುಗು ಇರುವಾಗ ಶವರ್ ಕೆಳಗೆ ಸ್ನಾನ ಮಾಡಬಹುದಾ? — ಶನಿವಾರಸಂತೆ

ಉತ್ತರ: ಬೇಡ. ಪೈಪು ಪ್ಲಾಸ್ಟಿಕ್ ಆದರೆ ಅಪಾಯ ಕಡಿಮೆ, ಪೂರ್ತಿ ಇಲ್ಲ ಎನ್ನಲು ಆಗುವುದಿಲ್ಲ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯಲಿ. ಏಪ್ರಿಲ್, ಮೇ ತಿಂಗಳ ಸಂಜೆ ಗೀಸರಿನ ಪ್ಲಗ್ಗನ್ನು ಗುಡುಗು ಶುರುವಾಗುವ ಮುಂಚೆಯೇ ಕಿತ್ತಿಡಿ. ಶುರುವಾದ ಮೇಲೆ ಮುಟ್ಟಲು ಹೋಗಬೇಡಿ.

ಪ್ರಶ್ನೆ: ಈ ಕರೆಂಟಿನ ಗೋಜೇ ಬೇಡ ಅಂತ ಬಚ್ಚಲೊಳಗೆ ಗ್ಯಾಸ್ ಗೀಸರ್ ಹಾಕಿಸುತ್ತಿದ್ದೇವೆ. ಚಳಿಗೆ ಕಿಟಕಿ ಮುಚ್ಚಿದರೆ ತೊಂದರೆ ಇಲ್ಲ ತಾನೇ? — ಗೋಣಿಕೊಪ್ಪ

ಉತ್ತರ: ಅಕ್ಕಾ, ಒಳಗೆ ಹಾಕಿಸಲೇಬೇಡಿ. ಕಿಟಕಿ ಮುಚ್ಚಿದ ಚಿಕ್ಕ ಬಚ್ಚಲಲ್ಲಿ ಗ್ಯಾಸ್ ಉರಿದರೆ ಗಾಳಿಯಲ್ಲಿನ ಆಮ್ಲಜನಕ ಕಡಿಮೆಯಾಗಿ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ಕಣ್ಣು ಉರಿಯುವುದಿಲ್ಲ. ತಲೆ ಸುತ್ತಿ ಬಿದ್ದ ಮೇಲೆ ಬಾಗಿಲ ಚಿಲಕ ತೆಗೆಯಲೂ ಆಗುವುದಿಲ್ಲ. ಗ್ಯಾಸ್ ಗೀಸರೇ ಬೇಕೆಂದಿದ್ದರೆ ಅದನ್ನೂ ಸಿಲಿಂಡರನ್ನೂ ಹೊರಗೆ, ಗಾಳಿಯಾಡುವ ಜಾಗದಲ್ಲಿ ಸೂರಿನಡಿ ಇಟ್ಟು ಬಿಸಿ ನೀರಿನ ಪೈಪ್ ಮಾತ್ರ ಒಳಗೆ ತನ್ನಿ.

ಪ್ರಶ್ನೆ: ಮೇನ್ ಇಳಿಸಿಯೇ ಬಚ್ಚಲಿನ ಬಲ್ಬ್ ಹೋಲ್ಡರ್ ಬಿಚ್ಚಿದೆ. ಆದರೂ ಶಾಕ್ ಹೊಡೆಯಿತು. ಹೇಗೆ? — ಕುಶಾಲನಗರ

ಉತ್ತರ: ನಿಮ್ಮ ಮನೆಯಲ್ಲಿ ಇನ್ವರ್ಟರ್ ಇರಬೇಕು. ಮೇನ್ ಇಳಿಸಿದ ಕೂಡಲೇ ಕರೆಂಟ್ ಹೋಯಿತು ಎಂದುಕೊಂಡು ಇನ್ವರ್ಟರ್ ತನ್ನ ಲೈನಿಗೆ 230 ವೋಲ್ಟ್ ಕೊಡಲು ಶುರು ಮಾಡುತ್ತದೆ. ಬಚ್ಚಲಿನ ಲೈಟನ್ನು ಸಾಮಾನ್ಯವಾಗಿ ಅದೇ ಲೈನಿಗೆ ಸೇರಿಸಿರುತ್ತಾರೆ. ಬ್ಯಾಟರಿಯ ಕರೆಂಟ್ ತಾನೇ ಅಂತ ಹಗುರವಾಗಿ ಕಾಣಬೇಡಿ, ಹೊಡೆತ ಕಂಬದ ಕರೆಂಟಿನಷ್ಟೇ.

ಇನ್ನೊಂದು ಪರೀಕ್ಷೆ ಮಾಡಿಸಿ. ಕೆಲವು ಮನೆಗಳಲ್ಲಿ ಇನ್ವರ್ಟರ್ ಲೈನ್ ಆರ್‌ಸಿಸಿಬಿಯನ್ನು ತಪ್ಪಿಸಿ ಹೋಗಿರುತ್ತದೆ. ಹಾಗಿದ್ದರೆ ಕರೆಂಟ್ ಹೋದ ರಾತ್ರಿಗಳಲ್ಲಿ ಬಚ್ಚಲಿನ ಲೈಟಿಗೆ ಯಾವ ಕಾವಲೂ ಇಲ್ಲ. ಇನ್ವರ್ಟರಿನಿಂದ ಹೊರಡುವ ಲೈನಿಗೆ ಅದರದ್ದೇ 30 ಮಿಲಿಆಂಪಿಯರ್ ಆರ್‌ಸಿಸಿಬಿ ಹಾಕಬೇಕು. ಅದರ ನ್ಯೂಟ್ರಲ್ಲನ್ನು ಬೇರೆಯೇ ತರಬೇಕು. ಎರಡು ಲೈನಿನ ನ್ಯೂಟ್ರಲ್ ಒಂದಕ್ಕೊಂದು ಸೇರಿಸಿದರೆ ಎರಡೂ ಆರ್‌ಸಿಸಿಬಿ ಸುಮ್ಮನೆ ಬೀಳುತ್ತಿರುತ್ತವೆ.

ಮುಂದಿನ ಸಲ ಹೋಲ್ಡರ್ ಬಿಚ್ಚುವುದಾದರೆ ಮೊದಲು ಇನ್ವರ್ಟರ್ ಆಫ್ ಮಾಡಿ, ಅದರ ಔಟ್‌ಪುಟ್ ಪ್ಲಗ್ ಕಿತ್ತಿಡಿ. ಆಮೇಲೆ ಮೇನ್ ಇಳಿಸಿ. ಬಚ್ಚಲ ನೆಲ ಒರೆಸಿ, ಒಣಗಿದ ಮರದ ಸ್ಟೂಲ್ ಮೇಲೆ ನಿಂತುಕೊಳ್ಳಿ. ನೀವು ಕೆಳಗೆ ಇಳಿಯುವವರೆಗೆ ಮೇನ್ ಹತ್ತಿರ ಮನೆಯವರು ಯಾರಾದರೂ ಒಬ್ಬರು ನಿಂತಿರಲಿ.